ಕ್ಷೌರಕುಂಚದ ಗುಣಪರೀಕ್ಷೆ : ಒಂದು ಚಾರಿತ್ರಿಕ ವಿವೇಚನೆ

೧

ರಾಜ್ಯಗಳ ಏಳುಬೀಳುಗಳನ್ನೂ ಶಾಸನಗಳ ಪಾಠಾಂತರಗಳನ್ನೂ ಪರಿಶೀಲಿಸುವ ವಿದ್ವಾಂಸರು ಮನೆಯ ಗೂಡಿನಲ್ಲಿ ಬಿದ್ದಿರುವ ಸಣ್ಣ ವಸ್ತುಗಳ ಕಡೆ ಗಮನ ಕೊಡುವುದು ಅಪರೂಪ. ಅಂಥ ವಸ್ತುಗಳಿಗೆ ಚರಿತ್ರೆಯೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಅದು ಬರೆಯತಕ್ಕಷ್ಟು ದೊಡ್ಡದಲ್ಲವೆಂಬ ಭಾವನೆ ಹಲವರಲ್ಲಿದೆ. ಪ್ರಕೃತ ಲೇಖನದಲ್ಲಿ ಅಂಥದೊಂದು ವಸ್ತುವನ್ನು ವಿಚಾರಕ್ಕೆ ಎತ್ತಿಕೊಂಡಿದೆ. ಗಡ್ಡಕ್ಕೆ ಸಾಬೂನಿನ ನೊರೆ ಹಚ್ಚುವ ಕುಂಚವೇ ಆ ವಸ್ತು. ಒಳ್ಳೆಯ ಕುಂಚವನ್ನು ಕೆಟ್ಟ ಕುಂಚದಿಂದ ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಅಂಗಡಿಯ ಕಟ್ಟೆಯ ಮೇಲೆ ತೀರ್ಮಾನವಾಗತಕ್ಕದ್ದು. ಆದರೆ ೧೯೧೫ರಿಂದ ೧೯೨೪ರವರೆಗಿನ ಹತ್ತು ವರ್ಷಗಳಲ್ಲಿ ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿಯೂ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿಯೂ ಪ್ರಾಣಾಪಾಯದ ಪ್ರಶ್ನೆಯಾಗಿ ಪರಿಣಮಿಸಿ, ವೈದ್ಯಾಧಿಕಾರಿಗಳ ವಿಚಾರಣೆಗೂ ಸರ್ಕಾರದ ಕಟ್ಟಳೆಗಳಿಗೂ ಕಾರಣವಾಯಿತು. ಆ ಪ್ರಸಂಗವನ್ನು ನಿರೂಪಿಸಿ ಅದರಿಂದ ಸಿದ್ಧಿಸುವ ಒಂದೆರಡು ವಿಚಾರಗಳನ್ನು ಓದುಗರ ಮುಂದಿಡುವುದೇ ಇಲ್ಲಿನ ಉದ್ದೇಶ.

೨

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯುವುದು ಅಗತ್ಯ. ಯೂರೋಪಿನಲ್ಲಿ ಉತ್ತಮ ಕ್ಷೌರಕುಂಚಕ್ಕೆ ಬ್ಯಾಜರ್ ಎಂಬ ಪ್ರಾಣಿಯ ಕೂದಲೇ ಶ್ರೇಷ್ಠವೆಂಬ ಪ್ರಸಿದ್ಧಿ ಬಹುಕಾಲದಿಂದ ಬಂದಿದೆ. ಫ್ರೆಂಚ್ ಭಾಷೆಯಲ್ಲಿ ಈ ಪ್ರಾಣಿಗೂ ಕ್ಷೌರಕುಂಚಕ್ಕೂ 'ಬ್ಲೆರೋ' ಎಂಬ ಒಂದೇ ಹೆಸರಿರುವುದು ಇದಕ್ಕೆ ಸಾಕ್ಷಿ. ಬಿಲ ತೋಡಿಕೊಂಡು ವಾಸಿಸುವ, ರಾತ್ರಿಯ ಹೊತ್ತು ಸಂಚರಿಸುವ, ಮುಖದ ಮೇಲೆ ಕಪ್ಪುಬಿಳುಪಿನ ಪಟ್ಟೆಗಳುಳ್ಳ ಈ ಪ್ರಾಣಿ ಯೂರೋಪ್ ಏಷ್ಯಾ ಖಂಡಗಳ ಶೀತಪ್ರದೇಶಗಳಲ್ಲಿ ಹೇರಳವಾಗಿದೆ. ನಮ್ಮ ಕಾಡುಗಳಲ್ಲಿರುವ ತರಕರಡಿ ಇದರ ದೂರದ ನಂಟ. ಆದರೆ ಅದು ಬೇರೆ ಕುಲಕ್ಕೆ ಸೇರಿದ್ದು, ಈ ವ್ಯಾಪಾರಕ್ಕೂ ಅದಕ್ಕೂ ಸಂಬಂಧವಿಲ್ಲ.

ಕ್ಷೌರ ಮಾಡಿಕೊಳ್ಳುವವನು ತನ್ನ ಕೈಯಿಂದಲೇ ಅದನ್ನು ಮಾಡಿಕೊಳ್ಳುವ ವಾಡಿಕೆ ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಬಲಗೊಂಡಿತು. ಜಾಕ್ ಪೆರೆ ಎಂಬ ಕತ್ತಿ ತಯಾರಿಸುವ ಕುಶಲಿ ಸ್ವಯಂಕ್ಷೌರದ ಕಲೆಯನ್ನು ಕುರಿತು ೧೭೬೯ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ನಾಪಿತನ ಕೈಚಳಕವಿಲ್ಲದ ಗೃಹಸ್ಥನಿಗೆ ಉಪಕರಣಗಳು ಒಳ್ಳೆಯವಾಗಿರಬೇಕು. ಕೂದಲನ್ನು ನೆನಸಿ ಮೃದುಗೊಳಿಸುವ ಕುಂಚದ ಗುಣದೋಷಗಳ ವಿಚಾರಕ್ಕೆ ಮಹತ್ವ ಬಂದದ್ದು ಹೀಗೆ.

ಬ್ಯಾಜರ್ ಕೂದಲಿನ ಒಂದೊಂದು ಎಳೆಯಲ್ಲಿಯೂ ಮೂರು ವರ್ಣಗಳನ್ನು ಕಾಣಬಹುದು. ಬುಡ ಮಾಸಲು ಬಿಳುಪು, ನಡುವೆ ಕಪ್ಪು ಪಟ್ಟಿ, ತುದಿ ಮತ್ತೆ ಬಿಳುಪು. ಎಳೆಯ ದಪ್ಪವೂ ಒಂದೇ ಸಮವಾಗಿಲ್ಲ. ನಡುವೆ ತೋರವಾಗಿದ್ದು ತುದಿಯ ಕಡೆಗೆ ಸಣ್ಣಗಾಗಿ ಸೂಜಿಯ ಮೊನೆಯಂತೆ ಮುಗಿಯುತ್ತದೆ. ಆದುದರಿಂದ ಕುಂಚದ ಒಡಲಿಗೆ ಬಿಗುವೂ ಮುಖಕ್ಕೆ ತಾಗುವ ತುದಿಗೆ ಮೆತುವೂ ಏಕಕಾಲದಲ್ಲಿ ದೊರೆಯುತ್ತವೆ. ಕುದುರೆಯ ಬಾಲದ ಅಥವಾ ಕೇಸರದ ಕೂದಲಾದರೋ ಬಹಳ ಉದ್ದ. ಅದನ್ನು ತುಂಡು ತುಂಡಾಗಿ ಕತ್ತರಿಸಿ ಬಳಸುವುದರಿಂದ ಅದಕ್ಕೆ ಸ್ವಾಭಾವಿಕವಾದ ತುದಿ ಎಂಬುದೇ ಇರುವುದಿಲ್ಲ. ಹಂದಿಯ ಕೂದಲಿನ ಎಳೆ ಗಡುಸು; ಅದರ ತುದಿ ಸೀಳಿ ಕವಲಾಗಿರುತ್ತದೆ. ಬಳಸುತ್ತ ಬಳಸುತ್ತ ಈ ಕವಲು ಹೆಚ್ಚಿ ಅದು ಮೆತ್ತಗಾಗುತ್ತದೆ.

ಈ ವ್ಯತ್ಯಾಸಗಳೇ ಗುಣಪರೀಕ್ಷೆಗೆ ಆಧಾರ. ಬಲ್ಲವನು ಕುಂಚವನ್ನು ಕೊಳ್ಳುವಾಗ ಮೊದಲು ತುದಿಯನ್ನು ನೋಡುತ್ತಾನೆ. ಉತ್ತಮ ಕುಂಚದಲ್ಲಿ ಕುಶಲಿಯು ಕೂದಲುಗಳನ್ನು ತುದಿ ಕೆಳಗಾಗಿ ಬಟ್ಟಲಿನಂಥ ಅಚ್ಚಿನಲ್ಲಿ ಜೋಡಿಸಿ, ಬುಡವನ್ನು ದಾರದಿಂದ ಬಿಗಿದು ಅಂಟಿನಲ್ಲಿ ಕೂರಿಸುತ್ತಾನೆ. ಹೀಗೆ ಮಾಡಿದಾಗ ಗುಮ್ಮಟದ ಆಕಾರ ಕತ್ತರಿಯ ಸಹಾಯವಿಲ್ಲದೆ ಬರುತ್ತದೆ. ಎಳೆಗಳ ಸಹಜವಾದ ಮೊನೆ ಉಳಿಯುತ್ತದೆ. ಕೀಳುತರದ ಕುಂಚವನ್ನು ಕಟ್ಟಿದ ಮೇಲೆ ಕತ್ತರಿಸಿ ಆಕಾರಕ್ಕೆ ತರುತ್ತಾರೆ. ಅದರ ತುದಿ ಕೆನ್ನೆಗೆ ಚುಚ್ಚುತ್ತದೆ. ಎರಡನೆಯದಾಗಿ ಕೂದಲಿನ ಸಾಂದ್ರತೆ. ಕುಂಚವನ್ನು ನಡುವೆ ಬಿಡಿಸಿ ನೋಡಿದರೆ ಒಳಗೆ ಎಷ್ಟು ಪೊಳ್ಳಿದೆಯೆಂಬುದು ತಿಳಿಯುತ್ತದೆ. ಮೂರನೆಯದು ಒತ್ತಿ ಬಿಟ್ಟಾಗ ಮತ್ತೆ ನಿಲ್ಲುವ ಪುಟಿತ. ನಾಲ್ಕನೆಯದು ಬಿಸಿನೀರಿನಲ್ಲಿ ಅದ್ದಿ ತೆಗೆದಾಗ ಅದು ಎಷ್ಟು ನೀರನ್ನು ಹಿಡಿದಿಟ್ಟುಕೊಂಡು ಎಷ್ಟು ದಟ್ಟವಾದ ನೊರೆಯನ್ನು ಕೊಡುತ್ತದೆಂಬುದು. ಕೊನೆಯದಾಗಿ, ಬಳಸುವಾಗ ಎಳೆಗಳು ಉದುರುತ್ತವೆಯೇ ಎಂಬುದು. ಮೊದಲ ಕೆಲವು ದಿನ ಒಂದೆರಡು ಉದುರುವುದು ಸಹಜ. ಆಮೇಲೂ ನಿಲ್ಲದಿದ್ದರೆ ಕಟ್ಟು ಸಡಿಲವೆಂದೇ ಅರ್ಥ.

ವ್ಯಾಪಾರಿಗಳು ಬ್ಯಾಜರ್ ಕುಂಚಗಳನ್ನು 'ಪ್ಯೂರ್', 'ಬೆಸ್ಟ್', 'ಸೂಪರ್', 'ಸಿಲ್ವರ್‌ಟಿಪ್' ಎಂಬ ದರ್ಜೆಗಳಾಗಿ ವಿಂಗಡಿಸುವುದುಂಟು. ಮೊದಲನೆಯದು ಗಡುಸಾದ ಕಂದು ಬಣ್ಣದ ಕೂದಲು. ಕೊನೆಯದು ನೀಳವಾದ ಬಿಳಿ ತುದಿಯುಳ್ಳ ನಯವಾದ ಕೂದಲು. ಆದರೆ ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಒಬ್ಬ ತಯಾರಕನ 'ಬೆಸ್ಟ್' ಇನ್ನೊಬ್ಬನ 'ಸೂಪರ್' ಆಗಬಹುದು. ಬಿಳುಪುಕಾರಕಗಳಿಂದ ತುದಿಯನ್ನು ಬಿಳುಪಾಗಿಸಿ ದರ್ಜೆ ಏರಿಸುವುದೂ ಸಾಧ್ಯ. ಅಂದರೆ ಹೆಸರು ಒಂದು ಸೂಚನೆ ಮಾತ್ರ. ನಿರ್ಣಯ ಕೊಳ್ಳುವವನ ಕಣ್ಣಿಗೂ ಕೈಗೂ ಬಿಟ್ಟದ್ದು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತ ನಡೆಯುತ್ತದೆ.

೩

ಬೆಲೆಯುಳ್ಳ ವಸ್ತುವಿಗೆ ಅನುಕರಣ ಹುಟ್ಟುವುದು ಲೋಕರೂಢಿ. ಬ್ಯಾಜರ್ ಕೂದಲು ದುಬಾರಿ, ಕುದುರೆಯ ಕೂದಲು ಅಗ್ಗ. ತಿಳಿಬಣ್ಣದ ಕುದುರೆಗೂದಲನ್ನು ಆಯ್ದು, ನಡುವೆ ಕಪ್ಪು ಪಟ್ಟಿ ಬರುವಂತೆ ಬಣ್ಣ ಹಾಕಿ, ಬ್ಯಾಜರ್ ಕೂದಲಿನ ಹೋಲಿಕೆ ಬರಿಸಿದ ಕುಂಚಗಳು ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಮಾರುಕಟ್ಟೆಯಲ್ಲಿದ್ದುವು. ಅವನ್ನು 'ಅನುಕರಣ ಬ್ಯಾಜರ್' ಎಂದು ಬಹಿರಂಗವಾಗಿಯೇ ಮಾರುತ್ತಿದ್ದುದೂ ಉಂಟು. ಅಷ್ಟರಮಟ್ಟಿಗೆ ಇದು ಜೇಬಿಗೆ ಸಂಬಂಧಿಸಿದ ಸಣ್ಣ ಮೋಸ ಅಥವಾ ಸಣ್ಣ ಉಳಿತಾಯ. ಪ್ರಾಣಕ್ಕೆ ಸಂಬಂಧಿಸಿದ್ದಲ್ಲ.

ಈ ಸ್ಥಿತಿಯನ್ನು ಯುದ್ಧವು ಎರಡು ಕಡೆಯಿಂದ ಬದಲಾಯಿಸಿತು. ಒಂದು ಕಡೆ ಬೇಡಿಕೆ ಹೆಚ್ಚಿತು. ೧೯೧೫ರ ಏಪ್ರಿಲ್ ೨೨ರಂದು ಈಪ್ರ ರಣರಂಗದಲ್ಲಿ ಜರ್ಮನರು ಕ್ಲೋರಿನ್ ವಿಷಾನಿಲವನ್ನು ಪ್ರಯೋಗಿಸಿದ ಮೇಲೆ ಅನಿಲರಕ್ಷಕ ಮುಖವಾಡ ಸೈನಿಕನ ನಿತ್ಯಸಂಗಾತಿಯಾಯಿತು. ಮುಖವಾಡ ಕೆನ್ನೆಗೆ ಬಿಗಿಯಾಗಿ ಕೂರಬೇಕಾದರೆ ಗಡ್ಡವಿರಕೂಡದು. ಬ್ರಿಟಿಷ್ ಸೇನೆಯಲ್ಲಿ ಮೀಸೆ ಬಿಡಲೇಬೇಕೆಂದಿದ್ದ ಹಳೆಯ ನಿಯಮವನ್ನು ೧೯೧೬ರ ಅಕ್ಟೋಬರಿನಲ್ಲಿ ತೆಗೆದುಹಾಕಿದರು. ಅಮೆರಿಕಾ ೧೯೧೭ರಲ್ಲಿ ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ಸೇನೆಗಾಗಿ ಜಿಲೆಟ್ ಕಂಪನಿಯಿಂದ ತರಿಸಿದ ಸುರಕ್ಷಿತ ಕ್ಷೌರಕತ್ತಿಗಳು ಸುಮಾರು ೩೫ ಲಕ್ಷ. ಕತ್ತಿ ಇದ್ದ ಕಡೆ ಕುಂಚವೂ ಬೇಕು. ಲಕ್ಷಾಂತರ ಕುಂಚಗಳನ್ನು ಅಗ್ಗವಾಗಿ, ಬೇಗನೆ ಒದಗಿಸಬೇಕಾದ ಪ್ರಸಂಗ ಹೀಗೆ ಒದಗಿತು.

ಇನ್ನೊಂದು ಕಡೆ ಸರಬರಾಜಿನ ದಾರಿ ಬದಲಾಯಿತು. ಯುದ್ಧಕ್ಕೆ ಮುಂಚೆ ರಷ್ಯಾ ಮೊದಲಾದ ಪೂರ್ವದೇಶಗಳ ಕೂದಲು ಯೂರೋಪಿನ ನಡುನಾಡುಗಳ ಮೂಲಕ ಹಾದು, ಅಲ್ಲಿ ವಿಂಗಡಣೆಯನ್ನೂ ಶುದ್ಧೀಕರಣವನ್ನೂ ಪಡೆದು ಪಶ್ಚಿಮಕ್ಕೆ ಬರುತ್ತಿತ್ತು. ಯುದ್ಧದಿಂದ ಆ ದಾರಿ ಮುಚ್ಚಿಹೋಯಿತು. ಬ್ಯಾಜರ್ ಕೂದಲು ದುರ್ಲಭವಾಯಿತು. ರಷ್ಯಾ, ಚೀನಾ, ಜಪಾನ್ ದೇಶಗಳಿಂದ ಕುದುರೆಗೂದಲು ನೇರವಾಗಿ ಬರತೊಡಗಿತು. ನಡುವೆ ನಡೆಯುತ್ತಿದ್ದ ಶುದ್ಧೀಕರಣ ತಪ್ಪಿಹೋದುದನ್ನು ಬಹುಮಂದಿ ಗಮನಿಸಲಿಲ್ಲ. ಕೂದಲು ನೋಡುವುದಕ್ಕೆ ಮೊದಲಿನಂತೆಯೇ ಇತ್ತು.

೪

ಇಲ್ಲಿ ಆಂಥ್ರಾಕ್ಸ್ ರೋಗದ ವಿಷಯವಾಗಿ ನಾಲ್ಕು ಮಾತು ಹೇಳಬೇಕು. ನಮ್ಮ ರೈತರು ದನಕುರಿಗಳಿಗೆ ಬರುವ ಈ ರೋಗವನ್ನು ನೆರಡಿ ರೋಗವೆನ್ನುತ್ತಾರೆ. ಹುಲ್ಲು ಮೇಯುವ ಪ್ರಾಣಿಗಳಿಗೆ ಮುಖ್ಯವಾಗಿ ತಗಲುವ ಈ ರೋಗ ಅವುಗಳ ರಕ್ತ, ಚರ್ಮ, ಉಣ್ಣೆ, ಕೂದಲುಗಳ ಮೂಲಕ ಮನುಷ್ಯನಿಗೂ ಅಂಟುತ್ತದೆ. ರೋಬರ್ಟ್ ಕೋಖ್ ೧೮೭೬ರಲ್ಲಿ ಈ ರೋಗಾಣುವಿನ ಜೀವನಚಕ್ರವನ್ನು ತೋರಿಸಿಕೊಟ್ಟನು. ಪ್ರತಿಕೂಲ ಪರಿಸ್ಥಿತಿಯಲ್ಲಿ ಅದು ಗಟ್ಟಿಯಾದ ಕವಚವುಳ್ಳ ಬೀಜಾಣುವಾಗಿ ಹಲವು ದಶಕಗಳ ಕಾಲ ಸುಪ್ತವಾಗಿರಬಲ್ಲುದು, ಒಣಗಿದರೂ ಸಾಯದು, ಬೆಚ್ಚಗಿನ ಸಾಬೂನಿನ ನೀರಿಗಂತೂ ಜಗ್ಗದು. ಲೂಯಿ ಪಾಶ್ಚರ್ ೧೮೮೧ರಲ್ಲಿ ಕುರಿಗಳ ಮೇಲೆ ನಡೆಸಿದ ಲಸಿಕೆಯ ಪ್ರಯೋಗ ಈ ರೋಗವನ್ನು ಕುರಿತದ್ದೇ ಎಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ.

ಕೈಗಾರಿಕೆಗಳಲ್ಲಿ ಈ ರೋಗದ ಪರಿಚಯ ಆಗಲೇ ಇತ್ತು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಉಣ್ಣೆ ವಿಂಗಡಿಸುವ ಕೂಲಿಗಾರರು ದಿಢೀರನೆ ಸಾಯುತ್ತಿದ್ದುದಕ್ಕೆ ಆಂಥ್ರಾಕ್ಸೇ ಕಾರಣವೆಂದು ಜಾನ್ ಹೆನ್ರಿ ಬೆಲ್ ಎಂಬ ವೈದ್ಯನು ೧೮೮೦ರ ಸುಮಾರಿನಲ್ಲಿ ತೋರಿಸಿದ್ದನು. ೧೯೦೫ರಲ್ಲಿ ಅಲ್ಲಿ ಸ್ಥಾಪಿತವಾದ ಆಂಥ್ರಾಕ್ಸ್ ಪರಿಶೋಧನ ಮಂಡಲಿಯ ಸೂಕ್ಷ್ಮಜೀವಿತಜ್ಞನಾದ ಫ್ರೆಡರಿಕ್ ವಿಲಿಯಂ ಯೂರಿಕ್ ಅನೇಕ ವರ್ಷ ತನ್ನ ಪ್ರಾಣವನ್ನೇ ಒತ್ತೆಯಿಟ್ಟು ದುಡಿದು, ರಕ್ತದ ಕಲೆಯುಳ್ಳ ಉಣ್ಣೆಯೇ ವಿಶೇಷವಾಗಿ ಅಪಾಯಕರವೆಂದು ನಿರ್ಧರಿಸಿದನು. ಆದರೆ ಇದೆಲ್ಲ ಕಾರ್ಖಾನೆಯ ಗೋಡೆಯೊಳಗಿನ ಮಾತಾಗಿತ್ತು. ಕೊಂಡುತಂದ ಸಿದ್ಧವಸ್ತುವಿನಿಂದ, ತನ್ನ ಮನೆಯ ಕನ್ನಡಿಯ ಮುಂದೆ ನಿಂತ ಗೃಹಸ್ಥನಿಗೆ ಈ ರೋಗ ಬರಬಹುದೆಂಬ ಭಾವನೆ ಸಾಮಾನ್ಯ ಜನರಲ್ಲಿ ಇರಲಿಲ್ಲ.

ಯುದ್ಧಕಾಲದಲ್ಲಿ ಬ್ರಿಟಿಷ್ ಸೈನಿಕರಲ್ಲಿಯೂ ನಾಗರಿಕರಲ್ಲಿಯೂ, ಆಮೇಲೆ ಅಮೆರಿಕಾದ ಸೈನಿಕ ಶಿಬಿರಗಳಲ್ಲಿಯೂ, ದನಗಳ ಸಂಪರ್ಕವಾಗಲಿ ಚರ್ಮದ ಕೆಲಸವಾಗಲಿ ಇಲ್ಲದವರಿಗೆ ಆಂಥ್ರಾಕ್ಸ್ ಕಾಣಿಸಿಕೊಂಡಿತು. ರೋಗದ ಲಕ್ಷಣ ಒಂದೇ ಬಗೆಯದಾಗಿತ್ತು. ಕೆನ್ನೆ, ಗಲ್ಲ ಅಥವಾ ಕತ್ತಿನ ಮೇಲೆ ನೋವಿಲ್ಲದ ಸಣ್ಣ ಬೊಕ್ಕೆ, ಎರಡು ಮೂರು ದಿನಗಳಲ್ಲಿ ಅದರ ನಡುವೆ ಇದ್ದಲಿನಂತೆ ಕರ್ರಗಾದ ಹಕ್ಕಳೆ, ಸುತ್ತಲೂ ಬಾವು. ಗ್ರೀಕ್ ಭಾಷೆಯಲ್ಲಿ ಆಂಥ್ರಾಕ್ಸ್ ಎಂದರೆ ಇದ್ದಲೆಂದೇ ಅರ್ಥ. ಬಾವು ಕತ್ತಿನಲ್ಲಿ ಏರಿದರೆ ಉಸಿರು ಕಟ್ಟುವ ಭಯ. ಪ್ರತಿಜೀವಕ ಔಷಧಿಗಳು ಇನ್ನೂ ಬಂದಿರಲಿಲ್ಲ. ಇಟಲಿಯ ಸ್ಕ್ಲಾವೋ ೧೮೯೫ರಲ್ಲಿ ಸಿದ್ಧಪಡಿಸಿದ ಸೀರಮ್ಮೂ ಶಸ್ತ್ರಚಿಕಿತ್ಸೆಯೂ ಇದ್ದ ಸಾಧನಗಳು. ಚಿಕಿತ್ಸೆಯಿಲ್ಲದ ಚರ್ಮದ ಆಂಥ್ರಾಕ್ಸಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ರೋಗಿಗಳು ಸಾಯಬಹುದು.

ಕಾರಣವನ್ನು ಕಂಡುಹಿಡಿದ ಬಗೆ ಇತಿಹಾಸದ ವಿದ್ಯಾರ್ಥಿಗೂ ಬೋಧಪ್ರದವಾದದ್ದು. ರೋಗಿಗಳಲ್ಲಿ ಸಾಮಾನ್ಯವಾದ ಅಂಶವೇನೆಂದು ಕೇಳಿದಾಗ ದೊರೆತ ಉತ್ತರ ಹೊಸ ಕ್ಷೌರಕುಂಚ. ಕತ್ತಿಯಿಂದಾದ ಕಣ್ಣಿಗೆ ಕಾಣದ ಗೀರಿನೊಳಕ್ಕೆ ಕುಂಚವು ಬೀಜಾಣುಗಳನ್ನು ತಿಕ್ಕಿ ತುಂಬುತ್ತಿತ್ತು. ಊಹೆ ಸಮಂಜಸವಾಗಿದ್ದರೂ ಅದನ್ನು ಸ್ಥಾಪಿಸಬೇಕಾಗಿತ್ತು. ರೋಗಿಯ ಕುಂಚದ ಕೂದಲನ್ನು ಪ್ರಯೋಗಶಾಲೆಯಲ್ಲಿ ತೊಳೆದು ರೋಗಾಣುವನ್ನು ಬೆಳೆಸಿ ನೋಡಿದರು. ಅದೇ ತಯಾರಿಕೆಯ, ಇನ್ನೂ ಯಾರೂ ಮುಟ್ಟದ ಕುಂಚಗಳನ್ನು ಅಂಗಡಿಯಿಂದ ತರಿಸಿ ಪರೀಕ್ಷಿಸಿದರು. ಈ ಎರಡನೆಯ ಪರೀಕ್ಷೆ ಮುಖ್ಯವಾದದ್ದು. ಏಕೆಂದರೆ ರೋಗಿಯ ಕುಂಚದಲ್ಲಿ ರೋಗಾಣು ಕಂಡರೆ ಅದು ರೋಗಿಯ ಹುಣ್ಣಿನಿಂದಲೇ ಬಂದಿರಬಹುದೆಂಬ ಆಕ್ಷೇಪಕ್ಕೆ ಎಡೆಯುಂಟು. ಬಳಸದ ಕುಂಚದಲ್ಲಿ ಕಂಡರೆ ಆ ಆಕ್ಷೇಪ ನಿಲ್ಲದು. ಇಂಗ್ಲೆಂಡಿನ ಸ್ಥಳೀಯ ಸರ್ಕಾರ ಮಂಡಲಿಗೆ ಎಫ್. ಜೆ. ಎಚ್. ಕೌಟ್ಸ್ ೧೯೧೭ರಲ್ಲಿ ಒಪ್ಪಿಸಿದ ವರದಿ ಇಂಥ ಪ್ರಸಂಗಗಳ ವಿಚಾರಣೆಯನ್ನು ಒಳಗೊಂಡಿದೆ. ಇಂಗ್ಲೆಂಡ್ ಅಮೆರಿಕಾಗಳೆರಡರಲ್ಲಿಯೂ ಸೇರಿ ೧೯೧೫ರಿಂದ ೧೯೨೪ರೊಳಗೆ ಕುಂಚದಿಂದ ಬಂದವೆಂದು ಗಣನೆಗೆ ಬಂದ ಪ್ರಸಂಗಗಳು ಇನ್ನೂರಕ್ಕೂ ಹೆಚ್ಚು. ಯುದ್ಧದ ಸಾವುನೋವುಗಳ ಮುಂದೆ ಇದು ಅಲ್ಪಸಂಖ್ಯೆ. ಆದರೆ ಶತ್ರುವಿನ ಗುಂಡಿಗೆ ಎದೆಯೊಡ್ಡಲು ಹೊರಟವನು ತನ್ನ ಚೀಲದೊಳಗಿನ ಕುಂಚದಿಂದ ಸಾಯುವುದು ಎಂಥ ದಾರುಣವೆಂಬುದನ್ನು ಸಂಖ್ಯೆ ತಿಳಿಸಲಾರದು.

೫

ಈ ವಿಚಾರಣೆಗಳಿಂದ ಹೊರಟ ಫಲಿತಾಂಶ ಗುಣಪರೀಕ್ಷೆಯ ಹಳೆಯ ಕ್ರಮವನ್ನೇ ಅಲುಗಿಸಿತು. ಅಪಾಯ ಬಹುಮಟ್ಟಿಗೆ ಅಡಗಿದ್ದದ್ದು ಬ್ಯಾಜರ್ ಕೂದಲಿನಲ್ಲಲ್ಲ, ಅದರ ಅನುಕರಣವಾದ ಕುದುರೆಗೂದಲಿನಲ್ಲಿ. ಬ್ಯಾಜರ್ ಹುಲ್ಲು ಮೇಯುವ ಪ್ರಾಣಿಯಲ್ಲ. ಕುದುರೆ ಮೇಯುವ ಪ್ರಾಣಿ. ಹಾಗಾದರೆ ಅಸಲು ಯಾವುದು ನಕಲು ಯಾವುದು ಎಂದು ಗುರುತಿಸಬಲ್ಲವನು ಸುರಕ್ಷಿತನೆಂದು ತೋರಬಹುದು. ಒಂದು ಮಟ್ಟಿಗೆ ಇದು ನಿಜ. ಆದರೆ ಶಿಬಿರದಲ್ಲಿ ಕೊಟ್ಟ ಕುಂಚವನ್ನು ತೆಗೆದುಕೊಳ್ಳುವ ಸೈನಿಕನಿಗೆ, ಕೆಲವೇ ಕಾಸು ಹಿಡಿದು ಬಂದ ಕೂಲಿಗಾರನಿಗೆ, ಆರಿಸಿಕೊಳ್ಳುವ ಅವಕಾಶವೆಲ್ಲಿ? ಜಾಣತನದ ಪರೀಕ್ಷೆ ಹಣವುಳ್ಳವನ ಅನುಕೂಲ. ಅಲ್ಲದೆ ಕುದುರೆಗೂದಲಿನ ಕುಂಚಗಳಲ್ಲಿಯೇ ರೋಗಾಣುವುಳ್ಳದ್ದನ್ನೂ ಇಲ್ಲದ್ದನ್ನೂ ಕಣ್ಣಿನಿಂದಾಗಲಿ ಬೆರಳಿನಿಂದಾಗಲಿ ಬೇರ್ಪಡಿಸುವಂತಿರಲಿಲ್ಲ. ತುದಿ, ಸಾಂದ್ರತೆ, ಪುಟಿತ, ನೊರೆ ಇವುಗಳಲ್ಲಿ ಯಾವುದೂ ಇದಕ್ಕೆ ಉತ್ತರ ಹೇಳದು.

ಕೂದಲನ್ನು ಶುದ್ಧಿಮಾಡುವುದೊಂದೇ ಉಳಿದ ದಾರಿ. ಅದರಲ್ಲಿಯೂ ಒಂದು ತೊಡಕಿತ್ತು. ಬೀಜಾಣುವನ್ನು ಕೊಲ್ಲುವಷ್ಟು ತೀವ್ರವಾದ ಶಾಖ ಕೂದಲಿನ ಬಣ್ಣವನ್ನೂ ಬಿಗುವನ್ನೂ ಕೆಡಿಸಬಲ್ಲುದು. ಸರಕನ್ನು ಸುರಕ್ಷಿತಗೊಳಿಸುವ ಕ್ರಿಯೆ ಅದರ ಮಾರಾಟದ ಬೆಲೆಯನ್ನು ತಗ್ಗಿಸುತ್ತದೆಂಬ ಶಂಕೆಯಿಂದ ವರ್ತಕರು ಹಿಂಜರಿಯುತ್ತಿದ್ದರು. ಇಂಗ್ಲೆಂಡಿನ ಕಾರ್ಖಾನೆ ತನಿಖಾಧಿಕಾರಿಯಾದ ಎಲ್ಮ್‌ಹರ್ಸ್ಟ್ ಡಕರಿಂಗ್ ಈ ತೊಡಕನ್ನು ಬಿಡಿಸಲು ಯತ್ನಿಸಿ, ಉಣ್ಣೆಯನ್ನು ಮೊದಲು ಬೆಚ್ಚಗಿನ ಕ್ಷಾರಯುಕ್ತ ಸಾಬೂನಿನ ನೀರಿನಲ್ಲಿ ತೊಳೆದು ರಕ್ತದ ಹೆಪ್ಪನ್ನು ಕರಗಿಸಿ, ಅನಂತರ ಫಾರ್ಮಾಲ್ಡಿಹೈಡ್ ದ್ರಾವಣದಲ್ಲಿ ಅದ್ದುವ ಕ್ರಮವನ್ನು ರೂಪಿಸಿದನು. ೧೯೧೯ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆಂಥ್ರಾಕ್ಸ್ ನಿವಾರಣ ಶಾಸನವನ್ನು ಅಂಗೀಕರಿಸಿತು. ಅದರಂತೆ ೧೯೨೧ರಲ್ಲಿ ಲಿವರ್‌ಪೂಲಿನಲ್ಲಿ ಸರ್ಕಾರದ ಶುದ್ಧೀಕರಣ ಕೇಂದ್ರ ತೆರೆಯಿತು. ೧೯೨೦ರಲ್ಲಿ ಜಪಾನಿನ ಕ್ಷೌರಕುಂಚಗಳ ಆಮದನ್ನು ನಿಷೇಧಿಸಿದರು. ಭಾರತದಿಂದ ಹೋಗುತ್ತಿದ್ದ ಮೇಕೆಯ ಕೂದಲು ಕೂಡ ಲಿವರ್‌ಪೂಲ್ ಕೇಂದ್ರದ ಶುದ್ಧೀಕರಣಕ್ಕೆ ಒಳಪಡಬೇಕಾದ ಸರಕುಗಳ ಪಟ್ಟಿಗೆ ಸೇರಿತು. ನಮ್ಮ ಹಟ್ಟಿಗಳ ರೋಗಕ್ಕೂ ಇಂಗ್ಲೆಂಡಿನ ಶಾಸನಕ್ಕೂ ಇರುವ ಈ ಕೊಂಡಿಯನ್ನು ನಮ್ಮ ಆರ್ಥಿಕ ಚರಿತ್ರೆಯನ್ನು ಬರೆಯುವವರು ಇನ್ನಷ್ಟು ವಿಚಾರಿಸಬಹುದು.

ಅಮೆರಿಕಾದಲ್ಲಿ ಸಾರ್ವಜನಿಕ ಆರೋಗ್ಯ ಇಲಾಖೆ ೧೯೧೮ರಲ್ಲಿ ಅಂತರರಾಜ್ಯ ಕ್ವಾರಂಟೈನ್ ನಿಯಮಗಳನ್ನು ತಿದ್ದಿ, ಕುಂಚದ ಕೂದಲನ್ನು ಗೊತ್ತಾದ ಕ್ರಮದಲ್ಲಿ ಶುದ್ಧಿಮಾಡಬೇಕೆಂದೂ, ಪ್ರತಿ ಕುಂಚದ ಮೇಲೂ ತಯಾರಕನ ಹೆಸರು ಅಥವಾ ಮುದ್ರೆ ಅಳಿಸದಂತೆ ಇರಬೇಕೆಂದೂ ವಿಧಿಸಿತು. ಆದರೆ ಈ ನಿಯಮ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ಸರಕಿಗೆ ಮಾತ್ರ ಅನ್ವಯಿಸುತ್ತಿತ್ತು. ಒಂದೇ ರಾಜ್ಯದೊಳಗೆ ತಯಾರಾಗಿ ಮಾರಾಟವಾಗುವ ಕುಂಚವನ್ನು ಅದು ಮುಟ್ಟಲಾರದು. ಸಿಮ್ಮರ್ಸ್ ಮತ್ತು ಕೇಡಿ ಎಂಬ ವಿದ್ವಾಂಸರು ಅಗ್ಗದ ಕ್ಷೌರಕುಂಚಗಳಲ್ಲಿ ತೀವ್ರಶಕ್ತಿಯ ಆಂಥ್ರಾಕ್ಸ್ ರೋಗಾಣುಗಳಿರುವುದನ್ನು ೧೯೨೧ರಲ್ಲಿ, ಎಂದರೆ ನಿಯಮ ಬಂದು ಮೂರು ವರ್ಷಗಳಾದ ಮೇಲೆ, ಪ್ರಕಟಿಸಬೇಕಾಯಿತು. ಕಟ್ಟಳೆ ಹೊರಟ ದಿನವೇ ಕೇಡು ನಿಂತಿತೆಂದು ಬರೆಯುವ ಚರಿತ್ರೆಕಾರನಿಗೆ ಇದು ಎಚ್ಚರಿಕೆ. ಹಳೆಯ ದಾಸ್ತಾನು ಅಂಗಡಿಗಳಲ್ಲಿ ಉಳಿದಿರುತ್ತದೆ, ಬೀಜಾಣುವಿಗೂ ತಾಳ್ಮೆಯುಂಟು.

೬

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಶುದ್ಧೀಕರಣ ರೂಢಿಗೆ ಬಂದಂತೆ ಕುಂಚದಿಂದ ಬರುವ ಆಂಥ್ರಾಕ್ಸ್ ಇಳಿಮುಖವಾಯಿತು. ಕುಂಚದ ಆವಶ್ಯಕತೆಯೇ ಇಲ್ಲದ ಕ್ಷೌರಲೇಪಗಳು ಬಂದುವು. ಅಮೆರಿಕಾದ ಬಾರ್ಬಸಾಲ್ ಹುಟ್ಟಿದ್ದು ೧೯೧೯ರಲ್ಲಿ. ೧೯೩೮ರಲ್ಲಿ ನೈಲಾನ್ ಎಳೆ ಹಲ್ಲುಜ್ಜುವ ಕುಂಚದಲ್ಲಿ ಹಂದಿಗೂದಲಿನ ಸ್ಥಾನವನ್ನು ಹಿಡಿಯಿತು. ಇಂದು ಕೃತಕ ಎಳೆಗಳಿಗೆ ಬ್ಯಾಜರ್ ಕೂದಲಿನಂತೆಯೇ ಮೂರು ಬಣ್ಣ ಕೊಟ್ಟು ಕ್ಷೌರಕುಂಚ ಮಾಡುತ್ತಾರೆ. ಪ್ರಾಣಿಯನ್ನು ಕೊಲ್ಲದೆ ದೊರೆಯುವ ಈ ಅನುಕರಣವನ್ನು ಅಸಲಿಗಿಂತ ಮೇಲೆಂದು ಭಾವಿಸುವವರೂ ಇದ್ದಾರೆ. ನೂರು ವರ್ಷಗಳ ಹಿಂದೆ ನಕಲು ಪ್ರಾಣಕ್ಕೆ ಮುಳುವಾಗಿತ್ತು. ಈಗ ಅದೇ ನಿರಪಾಯವಾದದ್ದು. ಹಳೆಯ ಕುಂಚಗಳನ್ನು ಸಂಗ್ರಹಿಸಿ ಬಳಸುವ ಹವ್ಯಾಸ ಮತ್ತೆ ಹಬ್ಬಿದುದರಿಂದ, ಅಮೆರಿಕಾದ ರೋಗನಿಯಂತ್ರಣ ಕೇಂದ್ರ ಪ್ರಕಟಿಸುವ ವಿದ್ವತ್ಪತ್ರಿಕೆಯೊಂದರಲ್ಲಿ ೧೯೧೫–೨೪ರ ಪ್ರಸಂಗಗಳನ್ನು ೨೦೧೭ರಲ್ಲಿ ಪುನಃ ವಿಮರ್ಶಿಸಿದ್ದಾರೆ. ಅಪಾಯ ಬಹಳ ಅಲ್ಪವೆಂದೇ ಅಲ್ಲಿನ ಅಭಿಪ್ರಾಯ. ಆದರೂ ಆ ಕಾಲದ, ಶುದ್ಧೀಕರಣದ ನಿಶ್ಚಯವಿಲ್ಲದ ಕುಂಚವನ್ನು ಪ್ರದರ್ಶನದ ಪೆಟ್ಟಿಗೆಯಲ್ಲಿಡುವುದೇ ಲೇಸು.

ಈ ಪ್ರಸಂಗದಿಂದ ಎರಡು ವಿಚಾರಗಳು ಸಿದ್ಧಿಸುತ್ತವೆ. ಮೊದಲನೆಯದು, ವಸ್ತುವಿನ ಗುಣವೆಂಬುದು ಎರಡು ಬಗೆ. ಕೊಳ್ಳುವವನು ಇಂದ್ರಿಯಗಳಿಂದ ಅರಿಯಬಲ್ಲ ಗುಣ ಒಂದು. ಅಭ್ಯಾಸದಿಂದ ಅದರ ಜ್ಞಾನ ಬೆಳೆಯುತ್ತದೆ, ತಪ್ಪಿದರೆ ನಷ್ಟ ಕೆಲವು ರೂಪಾಯಿ. ಇಂದ್ರಿಯಗಳಿಗೆ ನಿಲುಕದ ಗುಣ ಇನ್ನೊಂದು. ಅಲ್ಲಿ ವ್ಯಕ್ತಿಯ ಜಾಣ್ಮೆ ಸಾಲದು. ಪ್ರಯೋಗಶಾಲೆ, ಶಾಸನ, ತನಿಖೆ, ಮುದ್ರೆ ಇವುಗಳ ಮೂಲಕ ಸಮಾಜವೇ ಒಟ್ಟಾಗಿ ಪರೀಕ್ಷೆ ನಡೆಸಬೇಕು. ಹಿಂದೆ ತಯಾರಕನ ಮುದ್ರೆ ಅವನ ಹೆಮ್ಮೆಯ ಗುರುತಾಗಿತ್ತು. ೧೯೧೮ರ ನಿಯಮದಿಂದ ಅದು ಹೊಣೆಗಾರಿಕೆಯ ಗುರುತಾಯಿತು. ಎರಡನೆಯದು, ಯುದ್ಧವು ಶತಮಾನಗಳಿಂದ ನಡೆದುಬಂದ ವ್ಯಾಪಾರದ ದಾರಿಗಳನ್ನು ಮುರಿದಾಗ, ಆ ದಾರಿಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆಯುತ್ತಿದ್ದ ರಕ್ಷಣೆಗಳೂ ಮುರಿಯುತ್ತವೆ. ಅವು ಇದ್ದುವೆಂಬುದು ತಿಳಿಯುವುದು ಅವು ಇಲ್ಲವಾದ ಮೇಲೆ.

ಇಂದಿಗೂ ಸಿಲ್ವರ್‌ಟಿಪ್ ಕುಂಚವನ್ನು ಕೊಳ್ಳುವವನು ತುದಿಯನ್ನು ಮುಟ್ಟಿ, ಎಳೆಯನ್ನು ಬಿಡಿಸಿ, ನೊರೆಯನ್ನು ನೋಡಿ ಒಳ್ಳೆಯದು ಕೆಟ್ಟದ್ದು ಎನ್ನುತ್ತಾನೆ. ಕೂದಲು ರೋಗರಹಿತವೇ ಎಂದು ಕೇಳುವುದು ಅವನಿಗೆ ತೋಚುವುದೂ ಇಲ್ಲ. ಆ ಪ್ರಶ್ನೆ ಅವನಿಗೆ ತೋಚದಂತಾಗಲು ಎಷ್ಟು ಮಂದಿಯ ದುಡಿಮೆಯೂ ಎಷ್ಟು ಮಂದಿಯ ಸಾವೂ ಕಾರಣವಾದುವೆಂಬುದನ್ನು ದಾಖಲೆಗಳಿಂದ ಎತ್ತಿ ತೋರಿಸುವುದು ಇತಿಹಾಸದ ಅಧ್ಯಯನ ಮಾಡುವವರ ಕೆಲಸ.